ಟ್ರೈಲರ್ ಹಲಗೆ ಕೊಳೆಯುವುದು ಕೆಳಗಿಂದ: ರಿಪೇರಿ ಮಾಡುವುದು ಹೇಗೆ?

ಮಾವಿನ ಸೀಸನ್ ಹತ್ತಿರ ಬಂತು ಅಂದರೆ ಒಂದೇ ಪ್ರಶ್ನೆ ಶುರುವಾಗುತ್ತದೆ. "ಟ್ರ್ಯಾಕ್ಟರ್ ಟ್ರೈಲರ್‌ನ ನೆಲದ ಹಲಗೆ ಎರಡೇ ಮಳೆಗಾಲಕ್ಕೆ ಹೋಯ್ತು. ಮೇಲೆ ತಗಡು ಹೊಡೆಸಿಬಿಡಲಾ?" ಕೇಳುವವರು ನಮ್ಮ ಕೋಲಾರ ಜಿಲ್ಲೆಯ ಶ್ರೀನಿವಾಸಪುರದವರು, ಮುಳಬಾಗಿಲಿನವರು, ಆ ಕಡೆ ಚಿಂತಾಮಣಿಯವರು. ಒಬ್ಬೊಬ್ಬರಿಗೆ ಅರ್ಧರ್ಧ ಹೇಳುವ ಬದಲು ಇಲ್ಲಿ ಪೂರ್ತಿ ಬರೆದಿದ್ದೇನೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕೊಳೆತ ಹಲಗೆಯ ಮೇಲೆ ತಗಡು ಹೊಡೆಸಬೇಡಿ. ನಾನು ಒಮ್ಮೆ ಹೊಡೆಸಿದ್ದೆ. ಒಂದೂವರೆ ವರ್ಷಕ್ಕೆ ತಗಡು ಬಿಚ್ಚಿದರೆ ಕೆಳಗೆ ಹಲಗೆ ಇರಲಿಲ್ಲ, ಕಾಫಿಪುಡಿ ಇತ್ತು.

ಕಾರಣ ಇಷ್ಟೇ. ಹಲಗೆಯ ಮೇಲೆ ಬಿದ್ದ ನೀರು ಬಿಸಿಲಿಗೆ ಒಣಗುತ್ತದೆ. ಸಂದಿಯಲ್ಲಿ ಇಳಿದು, ಹಲಗೆ ಮತ್ತು ಕಬ್ಬಿಣ ಒಂದರ ಮೇಲೊಂದು ಕೂತಿರುವ ಜಾಗಕ್ಕೆ ಹೋದ ನೀರು ಒಣಗುವುದಿಲ್ಲ. ಅಲ್ಲಿ ಮಣ್ಣು, ಸೆಗಣಿ, ಟೊಮೆಟೊ ರಸ ಎಲ್ಲ ಸೇರಿ ಒದ್ದೆ ಬಟ್ಟೆಯ ಹಾಗೆ ಕೂತಿರುತ್ತದೆ. ಮರವನ್ನು ಕೊಳೆಸುವುದು ಒಂದು ಜಾತಿಯ ಶಿಲೀಂಧ್ರ, ಅಂದರೆ ಬೂಷ್ಟಿನ ಬಳಗದ್ದು. ಮರದೊಳಗಿನ ತೇವ ಶೇಕಡಾ 20ಕ್ಕಿಂತ ಕಡಿಮೆ ಇದ್ದರೆ ಅದು ಬೆಳೆಯುವುದಿಲ್ಲ. ಹಾಗಾಗಿ ನಾವು ಮಾಡಬೇಕಾದ್ದು ನೀರು ಬೀಳದಂತೆ ತಡೆಯುವುದಲ್ಲ, ಬಿದ್ದ ನೀರು ನಿಲ್ಲದಂತೆ ನೋಡಿಕೊಳ್ಳುವುದು. ಮುಂದೆ ಹೇಳುವುದೆಲ್ಲ ಇದಕ್ಕಾಗಿಯೇ.

ಇನ್ನು, "ಈಗ ಎಲ್ಲರೂ ಕಬ್ಬಿಣದ ಶೀಟಿನ ಟ್ರೈಲರ್ ತಗೋತಾರೆ, ಹಲಗೆ ಯಾಕೆ?" ಅನ್ನುವವರಿಗೆ: ಹೊಸದು ಕೊಳ್ಳುವವರು ಶೀಟಿನದೇ ಕೊಳ್ಳಿ, ತಪ್ಪಿಲ್ಲ. ಆದರೆ ಹಳೆಯ ಹಲಗೆ ಟ್ರೈಲರ್ ಇದ್ದರೆ ಮಾರಬೇಡಿ. ಕಲ್ಲು ಬಿದ್ದರೆ ಶೀಟು ಗುಳಿ ಬೀಳುತ್ತದೆ, ಆ ಗುಳಿಯಲ್ಲಿ ನೀರು ನಿಂತು ತುಕ್ಕು ಹಿಡಿಯುತ್ತದೆ. ಹಲಗೆಯಾದರೆ ಕೆಟ್ಟದ್ದನ್ನು ಮಾತ್ರ ಬಿಚ್ಚಿ ಬೇರೆ ಹಾಕಬಹುದು. ಹಸು ಹತ್ತಿಸಿದರೆ ಕಾಲು ಜಾರುವುದೂ ಕಡಿಮೆ.

ಯಾವಾಗ ಮಾಡಬೇಕು?

ಸಂಕ್ರಾಂತಿ ಕಳೆದು, ರಾಗಿ ಕಣದ ಕೆಲಸ ಮುಗಿದ ಮೇಲೆ. ಫೆಬ್ರವರಿಯಿಂದ ಏಪ್ರಿಲ್ ಒಳಗೆ. ನಮ್ಮ ಕಡೆ ಮಳೆ ಜಾಸ್ತಿ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಬೇಸಿಗೆಯಲ್ಲಿ ಮರವೂ ಒಣಗಿರುತ್ತದೆ, ಪೇಂಟೂ ಹಿಡಿಯುತ್ತದೆ. ಬೇಸಿಗೆಯಲ್ಲಿ ಕೆರೆ ಹೂಳು ಹೊಡೆಯುವವರು ಅದಕ್ಕೂ ಮುಂಚೆ ಮುಗಿಸಿಕೊಳ್ಳಿ. ಹಸಿ ಹೂಳಿನಷ್ಟು ಹಲಗೆಯನ್ನು ಹಾಳು ಮಾಡುವ ಲೋಡು ಇನ್ನೊಂದಿಲ್ಲ.

ಒಂದು ಎಚ್ಚರಿಕೆ. ರಿಪೇರಿ ಫೆಬ್ರವರಿಯಲ್ಲಾದರೂ ಮರವನ್ನು ದೀಪಾವಳಿ ಹೊತ್ತಿಗೇ ಕೊಯ್ಸಿ ಇಡಬೇಕು. ಯಾಕೆ ಅಂತ 4ನೇ ಹಂತದಲ್ಲಿ ಹೇಳುತ್ತೇನೆ. ಬಹಳ ಜನ ಸೋಲುವುದು ಇಲ್ಲೇ.

ಏನೇನು ಬೇಕು?

ಜಾಕು, ಗಟ್ಟಿ ಮರದ ದಿಮ್ಮಿ ನಾಲ್ಕು, ಚಕ್ರಕ್ಕೆ ಕೊಡಲು ಕಲ್ಲು. ಸ್ಪ್ಯಾನರ್ ಸೆಟ್, ಸುತ್ತಿಗೆ, ಹಳೆಯ ಸ್ಕ್ರೂಡ್ರೈವರ್, ತಂತಿ ಬ್ರಷ್, ಡ್ರಿಲ್, ಗ್ರೈಂಡರ್, ಗ್ರೀಸ್ ಗನ್. ರೆಡ್ ಆಕ್ಸೈಡ್ ಪ್ರೈಮರ್, ಅಂದರೆ ಕಬ್ಬಿಣಕ್ಕೆ ಮೊದಲು ಹಚ್ಚುವ ಕೆಂಪು ಬಣ್ಣ. ಅದರ ಮೇಲೆ ಹಚ್ಚಲು ಎನಾಮೆಲ್ ಪೇಂಟು, ಮತ್ತು ಕಪ್ಪು ಬಿಟುಮೆನ್ ಪೇಂಟು, ಅಂದರೆ ತೆಳು ಡಾಂಬರು. ಹಲಗೆಗೆ ಅಗಸೆ ಎಣ್ಣೆ. ಪೇಂಟ್ ಅಂಗಡಿಯಲ್ಲಿ ಲಿನ್ಸೀಡ್ ಆಯಿಲ್ ಅಂತ ಕೇಳಿದರೆ ಕೊಡುತ್ತಾರೆ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಮರೆಯಬೇಡಿ.

ಬೋಲ್ಟು ಮಾತ್ರ ನೋಡಿ ತೆಗೆದುಕೊಳ್ಳಿ. ನಮಗೆ ಬೇಕಾದ್ದು ಕ್ಯಾರೇಜ್ ಬೋಲ್ಟು. ತಲೆ ಗುಂಡಗೆ ಇರುತ್ತದೆ, ತಲೆಯ ಕೆಳಗೆ ಕತ್ತು ಚೌಕ ಇರುತ್ತದೆ. ಆ ಚೌಕ ಮರದೊಳಗೆ ಕಚ್ಚಿಕೊಳ್ಳುವುದರಿಂದ ಕೆಳಗೆ ನಟ್ಟು ಬಿಗಿಸುವಾಗ ಬೋಲ್ಟು ತಿರುಗುವುದಿಲ್ಲ. ಗುಂಡು ತಲೆಗೆ ಕ್ರೇಟೂ ತಗುಲಿಕೊಳ್ಳುವುದಿಲ್ಲ. ಒಂದೂವರೆ ಇಂಚಿನ ಹಲಗೆಗೆ 10 ಎಂಎಂ ದಪ್ಪ, 65 ಎಂಎಂ ಉದ್ದ ಸರಿಹೋಗುತ್ತದೆ. ನಟ್ಟು ನೈಲಾಕ್ ಇರಲಿ. ಒಳಗೆ ನೈಲಾನ್ ಬಳೆ ಇರುವ ನಟ್ಟು ಅದು, ಅದುರಿದರೂ ಬಿಚ್ಚಿಕೊಳ್ಳುವುದಿಲ್ಲ. ಮೊಳೆ ಹೊಡೆದು ಹಲಗೆ ಕೂರಿಸುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ.

1. ಟ್ರೈಲರನ್ನು ಅಲುಗದಂತೆ ನಿಲ್ಲಿಸಿ

ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ. ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಟ್ರ್ಯಾಕ್ಟರ್ ಬಿಚ್ಚಿ.

ಎರಡು ಚಕ್ರದ ಟ್ರೈಲರ್ ಇದ್ದವರು ಇಲ್ಲಿ ಸ್ವಲ್ಪ ನಿಲ್ಲಿ. ಅದರ ಮೂತಿ, ಅಂದರೆ ಟ್ರ್ಯಾಕ್ಟರ್‌ಗೆ ಕಟ್ಟುವ ಮುಂದಿನ ತುದಿ, ನೆಲಕ್ಕೆ ಒತ್ತಿಕೊಂಡಿರುವುದು ಮುಂಭಾಗದ ತೂಕದಿಂದ. ನೀವು ಮುಂದಿನ ಹಲಗೆ ಬಿಚ್ಚಿ, ಹಿಂದಿನ ಬಾಗಿಲ ಮೇಲೆ ಇಬ್ಬರು ಕೂತರೆ ಮೂತಿ ಮೇಲಕ್ಕೆ ಹಾರುತ್ತದೆ. ಹಾಗಾಗಿ ಮೂತಿಯ ಕೆಳಗೆ ಮಾತ್ರ ಅಲ್ಲ, ಹಿಂದಿನ ಅಡ್ಡ ಚಾನಲ್ (ಹಲಗೆ ಹೊರುವ ಅಡ್ಡ ಕಬ್ಬಿಣ) ಕೆಳಗೂ ದಿಮ್ಮಿ ಕೊಡಿ. ಹೈಡ್ರಾಲಿಕ್ ಎತ್ತುವ ಟ್ರೈಲರ್ ಆದರೆ ಎತ್ತಿದ ಬಾಡಿಯ ಕೆಳಗೆ ಆಧಾರ ಕೊಡದೆ ತಲೆ ಹಾಕಲೇಬೇಡಿ. ಪೈಪು ಒಡೆದರೆ ಬಾಡಿ ಒಂದೇ ಸಲ ಇಳಿಯುತ್ತದೆ. ಜಾಕು ಇರುವುದು ಎತ್ತುವುದಕ್ಕೆ. ಹೊತ್ತು ನಿಲ್ಲುವುದಕ್ಕೆ ದಿಮ್ಮಿ ಬೇಕು.

2. ತೊಳೆಯಿರಿ, ಆಮೇಲೆ ಕೆಳಗೆ ಮಲಗಿ ನೋಡಿ

ಆಯುಧಪೂಜೆಗೆ ಟ್ರ್ಯಾಕ್ಟರ್ ತೊಳೆದು, ಬಾಳೆಕಂದು ಕಟ್ಟಿ, ನಿಂಬೆಹಣ್ಣು ಹತ್ತಿಸುತ್ತೇವೆ. ಟ್ರೈಲರ್‌ಗೂ ಅರಿಶಿನ ಕುಂಕುಮ ಬೀಳುತ್ತದೆ. ಅದರ ಕೆಳಗೆ ಮಾತ್ರ ಯಾರೂ ಬಗ್ಗಿ ನೋಡಲ್ಲ, ಅಲ್ವಾ? ಇವತ್ತು ನೋಡಿ.

ಮೋಟಾರಿನ ಪೈಪು ಹಿಡಿದು ಕೆಳಗಿಂದ ಮೇಲಕ್ಕೆ ನೀರು ಹೊಡೆಯಿರಿ. ಎರಡು ದಿನ ಒಣಗಲು ಬಿಡಿ. ಆಮೇಲೆ ಸ್ಕ್ರೂಡ್ರೈವರ್ ಹಿಡಿದು ಕೆಳಗೆ ಹೋಗಿ. ಹಲಗೆ ಅಡ್ಡ ಚಾನಲ್ ಮೇಲೆ ಕೂತಿರುವ ಜಾಗದ ಎರಡೂ ಬದಿಯಲ್ಲಿ, ಬೋಲ್ಟಿನ ತೂತಿನ ಸುತ್ತ, ಹಿಂಬಾಗಿಲ ಹತ್ತಿರ ಹಲಗೆಯ ತುದಿಯಲ್ಲಿ ಚುಚ್ಚಿ ನೋಡಿ. ಗಟ್ಟಿ ಮರದಲ್ಲಿ ತುದಿ ಎರಡು ಮೂರು ಎಂಎಂಗಿಂತ ಹೆಚ್ಚು ಹೋಗುವುದಿಲ್ಲ. ಅರ್ಧ ಇಂಚು ಇಳಿಯಿತು ಅಂದರೆ ಆ ಹಲಗೆ ಮುಗಿಯಿತು. ಮೇಲಿಂದ ಸುತ್ತಿಗೆಯಲ್ಲಿ ತಟ್ಟಿಯೂ ನೋಡಬಹುದು. ಒಳ್ಳೆಯ ಹಲಗೆ ಠಣ್ ಅನ್ನುತ್ತದೆ, ಕೊಳೆತದ್ದು ದಬ್ ಅನ್ನುತ್ತದೆ. ಕೆಟ್ಟ ಹಲಗೆಗೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ.

ಸಣ್ಣ ಸಣ್ಣ ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಅದು ಕೊಳೆತ ಅಲ್ಲ, ಹುಳು. ಮಣ್ಣಿನ ಗೂಡು ಕಂಡರೆ ಗೆದ್ದಲು. ತಿಂಗಳುಗಟ್ಟಲೆ ಒಂದೇ ಜಾಗದಲ್ಲಿ ನಿಂತ ಟ್ರೈಲರ್‌ಗೆ ಗೆದ್ದಲು ಹತ್ತುವುದು ಕೆಳಗೆ ಕೊಟ್ಟ ದಿಮ್ಮಿಯ ಮೂಲಕ.

3. ಹಲಗೆ ಬಿಚ್ಚಿ, ಚಾಸಿ ಸರಿಮಾಡಿ

ಹಳೆಯ ಬೋಲ್ಟು ಸುಲಭಕ್ಕೆ ಬರುವುದಿಲ್ಲ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿ ಬಿಟ್ಟು ಬೆಳಿಗ್ಗೆ ಪ್ರಯತ್ನಿಸಿ. ಬಹಳ ಜನ ಡೀಸೆಲ್ ಹಾಕುತ್ತಾರೆ. ಹಾಕಿ, ಆದರೆ ಡೀಸೆಲ್ ಹಾಕಿದ ಬೋಲ್ಟಿಗೆ ಗ್ರೈಂಡರ್ ಹಿಡಿಯಬೇಡಿ. ವರ್ಷಗಟ್ಟಲೆ ಎಣ್ಣೆ ಕುಡಿದ ಹಲಗೆಗೆ ಕಿಡಿ ಬಿದ್ದರೆ ಹೊಗೆ ಕಾಣಿಸುವುದು ನೀವು ಮನೆಗೆ ಹೋದ ಮೇಲೆ. ಕತ್ತರಿಸಲೇಬೇಕಾದರೆ ಪಕ್ಕದಲ್ಲಿ ಒಂದು ಬಕೆಟ್ ನೀರು ಇರಲಿ. ಕೆಲಸ ಮುಗಿದ ಮೇಲೆ ಒಂದು ಗಂಟೆ ಅಲ್ಲೇ ಇರಿ.

ಹಲಗೆ ಎದ್ದ ಮೇಲೆ ಕಾಣುವುದೇ ನಿಜವಾದ ಕೆಲಸ. ಚಾಸಿ ಅಂದರೆ ಟ್ರೈಲರ್‌ನ ಕೆಳಗಿನ ಕಬ್ಬಿಣದ ಚೌಕಟ್ಟು. ಅಡ್ಡ ಚಾನಲ್ ಅಂದರೆ ಚಾಸಿಯ ಎರಡು ಉದ್ದ ಕಬ್ಬಿಣಕ್ಕೆ ಅಡ್ಡಲಾಗಿ ಬೆಸೆದ, ಹಲಗೆ ಹೊರುವ ಕಬ್ಬಿಣ. ಅದರ ಮೇಲಂಚು ಹಕ್ಕಳೆ ಹಕ್ಕಳೆಯಾಗಿ ಎದ್ದಿರುತ್ತದೆ. ಸುತ್ತಿಗೆಯಲ್ಲಿ ಬಡಿದು ಹಕ್ಕಳೆ ಉದುರಿಸಿ, ತಂತಿ ಬ್ರಷ್ ಹಾಕಿ. ಉಳಿದ ಕಬ್ಬಿಣದ ದಪ್ಪ ಮೊದಲಿನ ಮುಕ್ಕಾಲು ಭಾಗಕ್ಕಿಂತ ಕಡಿಮೆ ಆಗಿದ್ದರೆ ನಾನಾದರೆ ಆ ಚಾನಲನ್ನೇ ಬದಲಿಸುತ್ತೇನೆ. ತೇಪೆ ಹಾಕಿಸುವುದಿಲ್ಲ.

ಗೊಬ್ಬರ ಸಾಗಿಸುವವರ ಟ್ರೈಲರ್ ಬೇಗ ತುಕ್ಕು ಹಿಡಿಯುವುದು ಸುಮ್ನೆ ಅಲ್ಲ. ಪೊಟ್ಯಾಷ್ ಅಂತ ನಾವು ತರುವ ಕೆಂಪು ಪುಡಿ ಪೊಟ್ಯಾಸಿಯಂ ಕ್ಲೋರೈಡ್. ಅದು ಉಪ್ಪಿನ ಜಾತಿಯದು. ಹರಿದ ಚೀಲದಿಂದ ಚೆಲ್ಲಿದ್ದು ಸಂದಿಗೆ ಇಳಿದು, ಗಾಳಿಯ ತೇವ ಎಳೆದುಕೊಂಡು ಕಬ್ಬಿಣ ತಿನ್ನುತ್ತದೆ. ಅಂಥ ಟ್ರೈಲರ್ ಆದರೆ ಪ್ರೈಮರ್ ಹಚ್ಚುವ ಮುಂಚೆ ಇನ್ನೊಂದು ಸಲ ಬರೀ ನೀರಿನಲ್ಲಿ ತೊಳೆದು ಒಣಗಿಸಿ. ಉಪ್ಪಿನ ಮೇಲೆ ಹಚ್ಚಿದ ಪೇಂಟು ನಿಲ್ಲುವುದಿಲ್ಲ.

ವೆಲ್ಡಿಂಗ್ ಬೇಕಾದರೆ ಎರಡು ಮಾತು. ಟ್ರ್ಯಾಕ್ಟರ್ ಕಟ್ಟಿರುವಾಗ ವೆಲ್ಡ್ ಮಾಡಿಸಬೇಡಿ, ಬ್ಯಾಟರಿ ಮತ್ತು ಆಲ್ಟರ್ನೇಟರ್ ಸುಟ್ಟೀತು. ಅರ್ತ್ ಕ್ಲಾಂಪನ್ನು, ಅಂದರೆ ವೆಲ್ಡಿಂಗ್ ಮೆಷಿನ್ನಿನ ಇನ್ನೊಂದು ವೈರಿನ ಕಚ್ಚುವ ಹಿಡಿಯನ್ನು, ವೆಲ್ಡ್ ಮಾಡುವ ಕಬ್ಬಿಣಕ್ಕೇ, ಹತ್ತಿರದಲ್ಲೇ ಹಾಕಿಸಿ. ಚಕ್ರದ ಡ್ರಮ್ಮಿಗೆ ಹಾಕಿದರೆ ಕರೆಂಟು ಬೇರಿಂಗ್ ಮೂಲಕ ಹರಿಯುತ್ತದೆ, ಬೇರಿಂಗ್ ಗುಂಡುಗಳ ಮೇಲೆ ಚುಕ್ಕೆ ಚುಕ್ಕೆ ಸುಟ್ಟ ಗುರುತು ಬೀಳುತ್ತದೆ. ಒಂದು ವರ್ಕ್‌ಶಾಪಿನಲ್ಲಿ ಹೀಗೆ ಮಾಡಿ ನನ್ನ ಒಂದು ಹಬ್, ಅಂದರೆ ಬೇರಿಂಗ್ ಕೂರುವ ಚಕ್ರದ ನಡುಭಾಗ, ಎರಡೇ ತಿಂಗಳಿಗೆ ಕೂಗತೊಡಗಿತು. ಡ್ರಾಬಾರ್, ಅಂದರೆ ಟ್ರ್ಯಾಕ್ಟರ್‌ಗೆ ಕಟ್ಟುವ ಮೂತಿಯ ಕಬ್ಬಿಣ, ಅಲ್ಲಿ ಬಿರುಕು ಕಂಡರೆ ಮನೆಯಲ್ಲಿ ನೀವೇ ಕೈ ಹಾಕಬೇಡಿ. ಬಿರುಕನ್ನು ಪೂರ್ತಿ ಗ್ರೈಂಡ್ ಮಾಡಿ ತೆಗೆದು ತುಂಬಬೇಕು. ಮೇಲೆ ಸುಮ್ನೆ ಒಂದು ಗೆರೆ ಎಳೆದು ಕಳಿಸುವವರ ಹತ್ತಿರ ಹೋಗಬೇಡಿ.

ಮಣ್ಣು ನಿಲ್ಲುವ ಮೂಲೆಗೆ ನೀರು ಹೋಗಲು ತೂತು ಕೊರೆಯಬೇಕು ಅನ್ನಿಸಿದರೆ ಚಾನಲಿನ ಬೆನ್ನಿನ ನಡುಭಾಗದಲ್ಲಿ ಕೊರೆಯಿರಿ. ಮೇಲಂಚು, ಕೆಳಂಚು ಮುಟ್ಟಬೇಡಿ. ಭಾರ ಹೊರುವುದು ಆ ಎರಡು ಅಂಚು.

ಕಬ್ಬಿಣ ಒಣಗಿದ ಮೇಲೆ ಎಲ್ಲ ಕಡೆ ರೆಡ್ ಆಕ್ಸೈಡ್, ಅದು ಆರಿದ ಮೇಲೆ ಎನಾಮೆಲ್. ಹಲಗೆ ಕೂರುವ ಮೇಲಂಚಿಗೆ ಮಾತ್ರ ಪ್ರೈಮರ್ ಮೇಲೆ ಬಿಟುಮೆನ್ ಎರಡು ಕೋಟು. ಕೆಲವರು ಇಲ್ಲಿ ಹಳೆಯ ಟ್ಯೂಬ್ ರಬ್ಬರ್ ಹಾಸುತ್ತಾರೆ. ಐಡಿಯಾ ಒಳ್ಳೆಯದೇ. ಆದರೆ ರಬ್ಬರ್ ಅಂಚಿಗಿಂತ ಅಗಲ ಇದ್ದು ಬದಿ ಮೇಲಕ್ಕೆ ಎದ್ದರೆ ಅದೇ ದೋಣಿ ಆಗುತ್ತದೆ, ನೀರು ಅಲ್ಲೇ ನಿಲ್ಲುತ್ತದೆ. ನನಗೆ ಬಿಟುಮೆನ್ ಸಾಕು.

4. ಮರ: ಎಲ್ಲಕ್ಕಿಂತ ಹೆಚ್ಚು ಯೋಚನೆ ಇಲ್ಲಿ ಬೇಕು

ನಮ್ಮ ಜಿಲ್ಲೆಯಲ್ಲಿ ಸುಲಭಕ್ಕೆ ಸಿಗುವುದು ನೀಲಗಿರಿ. ನಂದಿ ಬೆಟ್ಟದಲ್ಲಿ ಟಿಪ್ಪು ಕಾಲದಲ್ಲಿ, 1790ರ ಸುಮಾರಿಗೆ ನೆಟ್ಟ ಮರ ಅಂತ ಹೇಳುತ್ತಾರೆ. ಆಮೇಲೆ ಅದು ನಮ್ಮ ಹೊಲಗಳನ್ನೆಲ್ಲ ತುಂಬಿತು. ಅಂತರ್ಜಲದ ಜಗಳ ಬೇರೆ ಇರಲಿ, ಹಲಗೆಗೆ ಅದು ಆಗುತ್ತದೆ. ಆದರೆ ಐದಾರು ವರ್ಷದ ಕಂಬದಂಥ ಮರ ಬೇಡ. ಅದರಲ್ಲಿ ಚೇಗು ಇರುವುದಿಲ್ಲ. ಚೇಗು ಅಂದರೆ ಕಾಂಡದ ನಡುವಿನ ಬಣ್ಣ ತಿರುಗಿದ ಗಟ್ಟಿ ಭಾಗ. ಸುತ್ತಲಿನ ಬಿಳಿ ಭಾಗದಲ್ಲಿ ಪಿಷ್ಟ ಇರುತ್ತದೆ, ಹುಳು ಬೀಳುವುದು ಅಲ್ಲೇ. ದಪ್ಪ ಹಳೆಯ ಮರ ಹುಡುಕಿ. ಸಾಮಿಲ್‌ನಲ್ಲಿ ಕೊಯ್ಸುವಾಗ ಬಿಳಿ ಭಾಗ ಆದಷ್ಟು ತೆಗೆಸಿ.

ಮತ್ತಿ ಸಿಕ್ಕರೆ ಅದಕ್ಕಿಂತ ಒಳ್ಳೆಯದು. ಭಾರ ಜಾಸ್ತಿ, ಬಾಳಿಕೆಯೂ ಜಾಸ್ತಿ. ಕರಿಜಾಲಿ ಎತ್ತಿನ ಗಾಡಿಗೆ ಹೆಸರಾದ ಮರ, ಆದರೆ ಹತ್ತು ಅಡಿ ನೇರ ಹಲಗೆ ಬರುವ ಜಾಲಿ ಎಲ್ಲಿ ಹುಡುಕುತ್ತೀರಿ? ಹೊಂಗೆ ಬೇಡ. ಮಾವು ಅಂತೂ ಬೇಡವೇ ಬೇಡ. "ತೋಟದಲ್ಲಿ ಹಳೆಯ ಮರ ಕಡಿದಿದ್ದೀವಿ, ದುಡ್ಡಿಲ್ಲದೆ ಸಿಗುತ್ತೆ" ಅಂತ ಶ್ರೀನಿವಾಸಪುರದ ಕಡೆ ಅದನ್ನೇ ಹಾಕುವವರಿದ್ದಾರೆ. ಮಾವಿನ ಹಲಗೆ ಹಣ್ಣಿನ ಪೆಟ್ಟಿಗೆಗೆ ಸರಿ. ಮಳೆಯಲ್ಲಿ ನಿಲ್ಲುವ ಟ್ರೈಲರ್‌ಗೆ ಅಲ್ಲ.

ನಿಮ್ಮದೇ ಹೊಲದ ಮರ ಕಡಿಯುವುದಾದರೆ: 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯಲ್ಲಿ ನೀಲಗಿರಿ, ಸಿಲ್ವರ್ ಓಕ್‌ನಂಥವಕ್ಕೆ ವಿನಾಯಿತಿ ಇದೆ. ತೇಗ, ಹೊನ್ನೆ, ಮತ್ತಿಯಂಥವಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಸಾಮಿಲ್‌ನಲ್ಲಿ ಕೊಂಡರೆ ಬಿಲ್ ತೆಗೆದುಕೊಳ್ಳಿ.

ಎಷ್ಟು ಮರ ಬೇಕು? 10 ಅಡಿ ಉದ್ದ, 6 ಅಡಿ ಅಗಲದ ಟ್ರೈಲರ್ ಅಂದುಕೊಳ್ಳಿ. ಹಲಗೆ 8 ಇಂಚು ಅಗಲ, ಒಂದೂವರೆ ಇಂಚು ದಪ್ಪ. 72 ಇಂಚಿಗೆ 9 ಹಲಗೆ. 10 ಅಡಿಯನ್ನು 6 ಅಡಿಯಿಂದ ಗುಣಿಸಿ, ಒಂದೂವರೆ ಇಂಚನ್ನು 12ರಿಂದ ಭಾಗಿಸಿ ಬಂದದ್ದರಿಂದ ಮತ್ತೆ ಗುಣಿಸಿದರೆ ಏಳೂವರೆ ಸಿಎಫ್‌ಟಿ, ಅಂದರೆ ಘನ ಅಡಿ. ಸೀಳು, ಗಂಟು ಹೋಗುತ್ತದೆ ಅಂತ ಹತ್ತಕ್ಕೆ ಒಂದು ಪಾಲು ಸೇರಿಸಿ ಎಂಟೂಕಾಲು ಹೇಳಿ. ಕ್ರೇಟು, ಮೂಟೆ ಹಾಕುವವರಿಗೆ ಈ ದಪ್ಪ ಸಾಕು. 15 ಕೆಜಿಯ 100 ಟೊಮೆಟೊ ಕ್ರೇಟು ಅಂದರೆ ಹಣ್ಣೇ ಒಂದೂವರೆ ಟನ್ನು, ಆದರೆ ಆ ಭಾರ ಎಲ್ಲ ಹಲಗೆಗೂ ಹಂಚಿಕೊಳ್ಳುತ್ತದೆ. ಸೈಜುಗಲ್ಲು, ದ್ರಾಕ್ಷಿ ಚಪ್ಪರದ ಕಲ್ಲುಕಂಬ ಸಾಗಿಸುವವರ ಕತೆ ಬೇರೆ. ಕಲ್ಲಿನ ಮೂಲೆ ಒಂದೇ ಜಾಗದಲ್ಲಿ ಬೀಳುತ್ತದೆ. ಅವರು ಎರಡು ಇಂಚು ದಪ್ಪ ಕೊಯ್ಸಿ, ಬೋಲ್ಟಿನ ಉದ್ದವನ್ನೂ ಅರ್ಧ ಇಂಚು ಹೆಚ್ಚಿಸಿ.

ಈಗ ದೀಪಾವಳಿ ವಿಷಯ. ಹಸಿ ಮರ ಒಣಗುವಾಗ ಅಗಲದಲ್ಲಿ ಕುಗ್ಗುತ್ತದೆ, ಉದ್ದದಲ್ಲಿ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಹಸಿಯಾಗಿ ಕೂರಿಸಿದ ನೀಲಗಿರಿ ಬೇಸಿಗೆ ಮುಗಿಯುವ ಹೊತ್ತಿಗೆ ತಿರುಚಿಕೊಂಡು, ಬೋಲ್ಟಿನ ಸುತ್ತ ಸೀಳು ಬಿಟ್ಟಿರುತ್ತದೆ. ಆಗ ಬೈಯುವುದು ಮರಕ್ಕೆ. ತಪ್ಪು ನಮ್ಮದು.

ಕೊಯ್ಸಿದ ದಿನವೇ ಹಲಗೆಯ ಎರಡು ತುದಿಗೂ ಹಳೆಯ ಪೇಂಟು ದಪ್ಪಗೆ ಬಳಿಯಿರಿ. ಮರ ತುದಿಯಿಂದ ಬೇಗ ಒಣಗುತ್ತದೆ, ಅದಕ್ಕೇ ತುದಿ ಸೀಳುವುದು. ಅದೇ ದಿನ ಹುಳುವಿನ ಮದ್ದನ್ನೂ ಹಾಕಿ. 10 ಲೀಟರ್ ಬಿಸಿನೀರಿಗೆ 300 ಗ್ರಾಂ ಬೋರಾಕ್ಸ್, ಅಂದರೆ ಬಿಳಿಗಾರ, ಮತ್ತು 200 ಗ್ರಾಂ ಬೋರಿಕ್ ಪುಡಿ, ಕೇರಂ ಬೋರ್ಡಿಗೆ ಹಾಕುವುದು ಅದೇ. ಕರಗಿಸಿ ಎಲ್ಲ ಮುಖಕ್ಕೂ ಎರಡು ಮೂರು ಸಲ ಬಳಿದು, ಹಲಗೆಗಳನ್ನು ಪ್ಲಾಸ್ಟಿಕ್ ಹೊದಿಸಿ ಒಂದು ವಾರ ಬಿಡಿ. ಹಸಿ ಮರದ ನೀರಿನಲ್ಲೇ ಮದ್ದು ಒಳಕ್ಕೆ ಹರಡುತ್ತದೆ. ಒಣ ಮರಕ್ಕೆ ಹಾಕಿದರೆ ಮೇಲ್ಮೈಯಲ್ಲೇ ಉಳಿಯುತ್ತದೆ. ಗ್ಲೌಸ್ ಹಾಕಿ. ಪಾತ್ರೆಯನ್ನು ಮತ್ತೆ ಅಡುಗೆಗೆ, ದನದ ನೀರಿಗೆ ಬಳಸಬೇಡಿ.

ಆಮೇಲೆ ನೆರಳಲ್ಲಿ, ಗಾಳಿ ಆಡುವ ಕಡೆ ಪೇರಿಸಿ. ಎರಡೆರಡು ಅಡಿಗೆ ಒಂದು ಇಂಚಿನ ರೀಪರ್ ಪಟ್ಟಿ, ಅಂದರೆ ಸಣ್ಣ ಮರದ ಪಟ್ಟಿ, ಹಲಗೆಗಳ ನಡುವೆ ಅಡ್ಡಲಾಗಿ ಕೊಡಿ. ಪಟ್ಟಿಗಳು ಮೇಲಿಂದ ಕೆಳಗೆ ಒಂದೇ ಸಾಲಿನಲ್ಲಿರಬೇಕು, ಇಲ್ಲದಿದ್ದರೆ ಹಲಗೆ ಅಲ್ಲೇ ಬಾಗುತ್ತದೆ. ಮೇಲೆ ನಾಲ್ಕು ಕಲ್ಲು ಹೇರಿ. ಕನಿಷ್ಠ ಮೂರು ತಿಂಗಳು. ಬಿಸಿಲಿಗೆ ಇಟ್ಟರೆ ಬೇಗ ಒಣಗುತ್ತದೆ ಅನ್ನುವ ಆಸೆ ಬೇಡ, ಬೇಗ ಸೀಳುತ್ತದೆ ಅಷ್ಟೆ.

5. ಹಲಗೆ ಕೂರಿಸುವುದು

ಎಲ್ಲ ಹಲಗೆಯನ್ನೂ ಸುಮ್ನೆ ಜೋಡಿಸಿ ನೋಡಿ ಮೊದಲು. ತುದಿಯ ಉಂಗುರದ ಗೆರೆ ಗಮನಿಸಿ. ಚೆನ್ನಾಗಿ ಒಣಗಿದ ಹಲಗೆಯಾದರೆ ತೊಗಟೆ ಕಡೆ ಇದ್ದ ಮುಖ ಮೇಲೆ ಬರಲಿ. ಮಳೆಗೆ ನೆನೆದಾಗ ಆ ಮುಖ ಸ್ವಲ್ಪ ಉಬ್ಬುತ್ತದೆ, ನೀರು ಎರಡೂ ಕಡೆ ಜಾರುತ್ತದೆ. ತಿರುಗಿಸಿ ಹಾಕಿದರೆ ಹಲಗೆ ದೊನ್ನೆಯ ಹಾಗೆ ಬಾಗುತ್ತದೆ.

ಹಲಗೆ ಹಲಗೆಯ ನಡುವೆ 6 ಎಂಎಂ ಸಂದಿ ಬಿಡಿ. ಅಳತೆಗೆ 6 ಎಂಎಂ ಕಂಬಿ ತುಂಡು ಇಟ್ಟುಕೊಳ್ಳಿ. ಒಂಬತ್ತು ಹಲಗೆಗೆ ಎಂಟು ಸಂದಿ, ಒಟ್ಟು 48 ಎಂಎಂ, ಸುಮಾರು ಎರಡು ಇಂಚು. ಹಾಗಾಗಿ ಒಂದು ಹಲಗೆಯನ್ನು 6 ಇಂಚಿಗೆ ಸೀಳಿಸಬೇಕಾಗುತ್ತದೆ. "ಸಂದಿ ಬಿಟ್ರೆ ರಾಗಿ ಸೋರಲ್ವಾ?" ಸೋರುತ್ತದೆ. ರಾಗಿ ಹಾಕುವ ದಿನ ಟಾರ್ಪಾಲು ಹಾಸಿ. ವರ್ಷಕ್ಕೆ ನಾಲ್ಕು ದಿನದ ರಾಗಿಗೋಸ್ಕರ ವರ್ಷವಿಡೀ ನೀರು ಕಟ್ಟಿಹಾಕಬೇಡಿ.

ತೂತಿನ ಗುರುತಿಗೆ ಟೇಪು ಹಿಡಿಯುವ ಅಗತ್ಯವಿಲ್ಲ. ಹಲಗೆಯನ್ನು ಜಾಗದಲ್ಲಿಟ್ಟು, ಕೆಳಗಿಂದ ಚಾನಲಿನ ಹಳೆಯ ತೂತಿನ ಮೂಲಕ ಮೊಳೆಯಲ್ಲಿ ಗೀರಿ. ಮರಕ್ಕೆ 10 ಎಂಎಂ ತೂತು. ಕಬ್ಬಿಣದ ತೂತು 12 ಎಂಎಂ ಇರಲಿ, ಮರ ಹಿಗ್ಗಿ ಕುಗ್ಗಲು ಜಾಗ ಬೇಕು. ನೀಲಗಿರಿಗೆ ತೂತು ಕೊರೆಯದೆ ಏನನ್ನೂ ಹೊಡೆಯಬೇಡಿ, ಉದ್ದಕ್ಕೆ ಸೀಳುತ್ತದೆ. ಹಲಗೆಯ ತುದಿಯಿಂದ ತೂತು ಎರಡು ಇಂಚಾದರೂ ಒಳಗಿರಲಿ. ಎರಡು ತುದಿಯಲ್ಲಿ ಎರಡೆರಡು ಬೋಲ್ಟು, ನಡುವಿನ ಪ್ರತಿ ಚಾನಲಿಗೆ ಒಂದೊಂದು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ. ಆರು ಅಡ್ಡ ಚಾನಲ್ ಇದ್ದರೆ ಹಲಗೆಗೆ ಎಂಟು, ಒಟ್ಟು 72 ಬೋಲ್ಟು.

ಬೋಲ್ಟು ಹಾಕುವ ಮುಂಚೆ ಹಲಗೆಯ ಕೆಳಮುಖಕ್ಕೆ, ಬದಿಗಳಿಗೆ, ತುದಿಗಳಿಗೆ, ಕೊರೆದ ಪ್ರತಿ ತೂತಿನ ಒಳಕ್ಕೆ ಅಗಸೆ ಎಣ್ಣೆ ಹಚ್ಚಿ. ಆಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ. ಮೇಲ್ಮುಖ ಮಾತ್ರ ಮಿರಮಿರ ಮಿಂಚಿಸಿ, ಕೆಳಮುಖ ಹಾಗೇ ಬಿಡುವವರು ಹತ್ತಕ್ಕೆ ಒಂಬತ್ತು ಜನ.

ಪೂರ್ತಿ ಹಲಗೆ ಬದಲಿಸದೆ ಕೊಳೆತ ತುಂಡು ಮಾತ್ರ ಕತ್ತರಿಸಿ ಬೇರೆ ಹಾಕಬಹುದಾ ಅಂತ ಕೇಳುತ್ತಾರೆ. ಹಾಕಬಹುದು, ಆದರೆ ಹೊಸ ತುಂಡು ಕನಿಷ್ಠ ಮೂರು ಅಡ್ಡ ಚಾನಲಿನ ಮೇಲೆ ಕೂರಬೇಕು. ಎರಡು ತುಂಡು ಸೇರುವ ಜಾಗ ಚಾನಲಿನ ಮೇಲೇ ಬರಬೇಕು. ಮೂರು ಇಂಚಿನ ಚಾನಲಿನ ಅಂಚು 40 ಎಂಎಂ ಮಾತ್ರ. ಒಂದೊಂದು ತುದಿಗೆ 20 ಎಂಎಂ ಸಿಕ್ಕರೆ ಬೋಲ್ಟು ಎಲ್ಲಿ ಹಾಕುತ್ತೀರಿ? ಅಲ್ಲಿ ಪಕ್ಕಕ್ಕೆ ಒಂದು ಆಂಗಲ್ (ಎಲ್ ಆಕಾರದ ಕಬ್ಬಿಣ) ಬೆಸೆಸಿ ಅಗಲ ಮಾಡಿಕೊಳ್ಳಿ. ಅಷ್ಟು ತಲೆನೋವಿಗಿಂತ ಪೂರ್ತಿ ಹಲಗೆಯೇ ವಾಸಿ ಅನ್ನುವುದು ನನ್ನ ಮಾತು.

6. ಎಣ್ಣೆ, ಮತ್ತು ಸುಟ್ಟ ಆಯಿಲ್ ವಿಷಯ

ಮೇಲ್ಮುಖಕ್ಕೆ ಅಗಸೆ ಎಣ್ಣೆ ತೆಳ್ಳಗೆ ಎರಡು ಕೋಟು, ನಡುವೆ ಎರಡು ಮೂರು ದಿನ ಬಿಟ್ಟು. ಹೀರಿಕೊಳ್ಳದೆ ಉಳಿದದ್ದನ್ನು ಅರ್ಧ ಗಂಟೆಗೆ ಒರೆಸಿಬಿಡಿ, ಇಲ್ಲದಿದ್ದರೆ ಅಂಟುತ್ತದೆ. ಬಿಳಿಗಾರ ನೀರಿಗೆ ತೊಳೆದುಹೋಗುವ ಮದ್ದು. ಮೇಲೆ ಎಣ್ಣೆ ಇದ್ದರೆ ಮಾತ್ರ ಅದು ಒಳಗೆ ನಿಲ್ಲುತ್ತದೆ.

ಒರೆಸಿದ ಬಟ್ಟೆಯ ವಿಷಯದಲ್ಲಿ ಹುಷಾರು. ಅಗಸೆ ಎಣ್ಣೆ ಆರುವಾಗ ಬಿಸಿ ಹುಟ್ಟುತ್ತದೆ. ಮುದ್ದೆ ಮಾಡಿ ಮೂಲೆಗೆ ಎಸೆದ ಬಟ್ಟೆ ತಾನಾಗೇ ಹೊತ್ತಿಕೊಳ್ಳಬಹುದು. ಹುಲ್ಲಿನ ಬಣವೆ ಪಕ್ಕದಲ್ಲಿರುವ ಹಿತ್ತಲಿನಲ್ಲಿ ಇದು ತಮಾಷೆಯಲ್ಲ. ಬಟ್ಟೆಯನ್ನು ಬಿಡಿಸಿ ಬಯಲಲ್ಲಿ ಒಣಹಾಕಿ, ಅಥವಾ ನೀರಲ್ಲಿ ಅದ್ದಿ.

ಇಂಜಿನ್‌ನಿಂದ ಇಳಿಸಿದ ಸುಟ್ಟ ಆಯಿಲ್ ಹಚ್ಚುವುದು ನಮ್ಮ ಕಡೆ ಹಳೆಯ ರೂಢಿ. ಖರ್ಚಿಲ್ಲ, ನಿಜ. ಆದರೆ ಅದರಲ್ಲಿ ಇಂಜಿನ್ ಸವೆದ ಲೋಹ, ಮಸಿ ಎಲ್ಲ ಇರುತ್ತದೆ. ಅದೇ ಹಲಗೆಯ ಮೇಲೆ ನೀವು ಜೋಳದ ಮೇವು ಹಾಕುತ್ತೀರಿ, ಟೊಮೆಟೊ ಹಾಕುತ್ತೀರಿ, ಹಸು ಹತ್ತಿಸುತ್ತೀರಿ. ಮಳೆಗೆ ಹಲಗೆ ಜಾರುತ್ತದೆ, ಎಣ್ಣೆ ಇಳಿದು ಹೊಲಕ್ಕೆ ಸೇರುತ್ತದೆ. ಕಲ್ಲು ಮಣ್ಣು ಮಾತ್ರ ಸಾಗಿಸುವವರು ಏನಾದರೂ ಮಾಡಿಕೊಳ್ಳಿ. ಮೇವು ಹಾಕುವವರು ಬೇಡ.

7. ಹಲಗೆ ಬಿಟ್ಟು ಉಳಿದದ್ದು

ಹೇಗಿದ್ದರೂ ಕೆಲಸಕ್ಕೆ ನಿಂತಿದ್ದೀರಿ, ಒಂದೊಂದೇ ಚಕ್ರವನ್ನು ಜಾಕಿನಲ್ಲಿ ಎತ್ತಿ, ಕೆಳಗೆ ದಿಮ್ಮಿ ಕೊಟ್ಟು ಹಬ್ ನೋಡಿಬಿಡಿ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಲಟಲಟ ಅಂದರೆ ಬೇರಿಂಗ್ ಸಡಿಲ, ತಿರುಗಿಸಿದಾಗ ಗರಗರ ಅಂದರೆ ಬೇರಿಂಗ್ ಹೋಗಿದೆ. ಬಿಚ್ಚಿದ ಬೇರಿಂಗನ್ನು ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಅಂಗೈಯಲ್ಲಿ ಗ್ರೀಸ್ ಇಟ್ಟುಕೊಂಡು ಗುಂಡುಗಳ ಸಂದಿಗೆ ಒತ್ತಿ ತುಂಬಿ. ಹಳೆಯ ಗ್ರೀಸ್ ಮೇಲೆ ಬೇರೆ ಜಾತಿಯ ಗ್ರೀಸ್ ಹಾಕಬೇಡಿ. ಕೆಲವು ಬೆರೆತರೆ ನೀರಾಗಿ ಹರಿದುಹೋಗುತ್ತವೆ. ನಟ್ಟನ್ನು ಚಕ್ರ ತಿರುಗಿಸುತ್ತಾ ಬಿಗಿಸಿ, ಚಕ್ರ ಭಾರವಾಯಿತು ಅನ್ನಿಸಿದಾಗ ಸ್ವಲ್ಪ ಹಿಂದಕ್ಕೆ ಬಿಡಿ. ಚಕ್ರ ಸರಾಗವಾಗಿ ತಿರುಗಬೇಕು, ಅಲ್ಲಾಡಬಾರದು. ಆಯಿಲ್ ಸೀಲು, ನಟ್ಟು ಬಿಚ್ಚಿಕೊಳ್ಳದಂತೆ ತಡೆಯುವ ಕಾಟರ್ ಪಿನ್ನು ಎರಡನ್ನೂ ಹೊಸದೇ ಹಾಕಿ. ಹಳೆಯ ಕಾಟರ್ ಪಿನ್ನು ನೆಟ್ಟಗೆ ಮಾಡಿ ಮತ್ತೆ ಹಾಕಿದರೆ ಅದು ಮುರಿಯುವುದು ರಸ್ತೆಯಲ್ಲಿ. ಕೆರೆಯಲ್ಲಿ ಹಬ್ ಮುಳುಗುವಷ್ಟು ನೀರಿಗೆ ಇಳಿಸಿದ್ದರೆ ವರ್ಷದವರೆಗೆ ಕಾಯಬೇಡಿ, ಆ ವಾರವೇ ಬಿಚ್ಚಿ.

ಕಮಾನು ಪಟ್ಟಿ ಇದ್ದರೆ ಯು ಬೋಲ್ಟು ಬಿಗಿ ಇದೆಯಾ ನೋಡಿ. ಟ್ರೈಲರನ್ನು ಟ್ರ್ಯಾಕ್ಟರ್‌ಗೆ ಸೇರಿಸುವ ಹಿಚ್ ಪಿನ್ನು ಒಂದು ಕಡೆ ಸವೆದು ಕತ್ತು ಬಿದ್ದಿದ್ದರೆ ಬದಲಿಸಿ. ಕಬ್ಬಿಣದ ಕಂಬಿ ತುಂಡು ತುರುಕಿ ಓಡಿಸುವುದು ಬೇಡ. ಹಿಂಬಾಗಿಲ ಬಿಜಾಗರಿಗೆ ಎರಡು ಹನಿ ಎಣ್ಣೆ. ಹಿಂದೆ ಕೆಂಪು, ಮುಂದೆ ಬಿಳಿ ರಿಫ್ಲೆಕ್ಟರ್ ಪಟ್ಟಿ ಅಂಟಿಸಿ. ಬೆಳಗಿನ ಜಾವ ಮಾರ್ಕೆಟ್‌ಗೆ ಟೊಮೆಟೊ ಒಯ್ಯುವವರಿಗೆ ಇದನ್ನು ಎರಡು ಸಲ ಹೇಳಬೇಕು. ಹೇಗಿದ್ದರೂ ಬಿಚ್ಚಿದ್ದೇವೆ ಅಂತ ಬಾಡಿಯ ಉದ್ದ ಅಗಲ ಹೆಚ್ಚಿಸಲು ಹೋಗಬೇಡಿ, ಅದಕ್ಕೆ ಆರ್‌ಟಿಒ ಅನುಮತಿ ಬೇಕು.

ಆಮೇಲಿನ ಆರೈಕೆ

ಒಂದು ತಿಂಗಳಾದ ಮೇಲೆ ಎಲ್ಲ 72 ನಟ್ಟನ್ನೂ ಇನ್ನೊಮ್ಮೆ ಬಿಗಿಸಿ. ಮರ ಎಷ್ಟೇ ಒಣಗಿದ್ದರೂ ಸ್ವಲ್ಪ ಕುಗ್ಗಿರುತ್ತದೆ. ಸಡಿಲ ಬೋಲ್ಟು ತೂತನ್ನು ತಿನ್ನುತ್ತದೆ, ತಿಂದ ತೂತಿಗೆ ನೀರು ಇಳಿಯುತ್ತದೆ.

ಗೊಬ್ಬರ, ಹೂಳು, ಸೆಗಣಿ ಹೊಡೆದ ದಿನವೇ ತೊಳೆಯಿರಿ, ಕೆಳಗಿಂದಲೂ. ತೊಳೆದ ಮೇಲೆ ಹಿಂಬಾಗಿಲು ತೆಗೆದು, ಮೂತಿ ಸ್ವಲ್ಪ ಎತ್ತರಕ್ಕಿಟ್ಟು ನಿಲ್ಲಿಸಿದರೆ ನೀರು ತಾನಾಗಿ ಹಿಂದಕ್ಕೆ ಹರಿಯುತ್ತದೆ. ಎಣ್ಣೆ ವರ್ಷಕ್ಕೆ ಒಂದು ಕೋಟು ಸಾಕು, ಮೇ ತಿಂಗಳಲ್ಲಿ. ಹಲಗೆಯ ಮೇಲೆ ನೀರು ಚಿಮುಕಿಸಿ ನೋಡಿ. ಹನಿ ಹನಿಯಾಗಿ ನಿಂತರೆ ಎಣ್ಣೆ ಇನ್ನೂ ಇದೆ, ಹೀರಿಕೊಂಡರೆ ಹಚ್ಚುವ ಹೊತ್ತಾಗಿದೆ.

ಟ್ರೈಲರನ್ನು ಟಾರ್ಪಾಲಿನಲ್ಲಿ ಬಿಗಿಯಾಗಿ ಸುತ್ತಿ ಇಡುವವರಿದ್ದಾರೆ. ಒಳಗಿನ ತೇವ ಹೊರಗೆ ಹೋಗದೆ ಅದೂ ತಗಡು ಹೊಡೆಸಿದ ಹಾಗೇ ಆಗುತ್ತದೆ. ಹೊದಿಸುವುದಾದರೆ ನಡುವೆ ಒಂದು ಗಳ ಕೊಟ್ಟು, ಬದಿ ತೆರೆದು ಹೊದಿಸಿ.

ಇನ್ನು, ನೆರಳಿದೆ ಅಂತ ಹುಣಸೆ ಮರದ ಕೆಳಗೆ ನಿಲ್ಲಿಸಬೇಡಿ. ಆ ಸಣ್ಣ ಎಲೆ 6 ಎಂಎಂ ಸಂದಿಗೆ ಹೇಳಿ ಮಾಡಿಸಿದ ಹಾಗೆ ಇಳಿದು ಗಟ್ಟಿಯಾಗುತ್ತದೆ. ನಿಲ್ಲಿಸಲು ಬೇರೆ ಜಾಗ ಇಲ್ಲದಿದ್ದರೆ ತಿಂಗಳಿಗೊಮ್ಮೆ ಕಬ್ಬಿಣ ಕೊಯ್ಯುವ ಹಳೆಯ ಆಕ್ಸೋ ಬ್ಲೇಡ್ ಸಂದಿಯಲ್ಲಿ ಎಳೆದುಬಿಡಿ. ಹತ್ತು ನಿಮಿಷದ ಕೆಲಸ.